ಹೆಣ್ಣು ನೋಡಲು ಬಂದವರಿಗೊಂದು ಟೆಸ್ಟ್

ಕೇಸರಿಬಾತಿನ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಡುವುದನ್ನು ನೋಡಿದ್ದೀರಾ? ಕಳೆದ ಭಾನುವಾರ ನಾನು ನೋಡಿದೆ. ಒಂದಲ್ಲ, ಸಾಲಾಗಿ ಕೂತವರೆಲ್ಲರ ಚಮಚಗಳೂ!

ಅರಸೀಕೆರೆಯ ನಮ್ಮ ಪಕ್ಕದ ಮನೆಯ ಚಂದನಾಳನ್ನು ನೋಡಲು ಬೇಲೂರು ಕಡೆಯವರು ಬಂದಿದ್ದರು. ಕೊಬ್ಬರಿ ಮಂಡಿಯವರ ಮಗಳು, ಎಂಎಸ್ಸಿ ಓದುತ್ತಿದ್ದಾಳೆ. ರಜೆ ಬಂತೆಂದರೆ ಗೆಳತಿಯರ ಜೊತೆ ಗಂಡಸಿ, ಬಿಕ್ಕೋಡು ಎಂದು ಸುತ್ತಲಿನ ಊರುಗಳಿಗೆ ಬಸ್ಸು ಹತ್ತುತ್ತಾಳೆ. ಅಲ್ಲಿನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಎಚ್‌ಐವಿ, ಕಾಂಡೋಮ್, ಮುಟ್ಟು, ಬಸಿರು ಎಲ್ಲವನ್ನೂ ಕೊಬ್ಬರಿ ರೇಟು ಹೇಳಿದಷ್ಟೇ ಸಲೀಸಾಗಿ ವಿವರಿಸುತ್ತಾಳೆ. (ನಮ್ಮ ಕಾನ್ವೆಂಟಿನಲ್ಲಿ ಆ ಚಾಪ್ಟರ್ ಬಂದರೆ ಸಿಸ್ಟರ್ 'ಗರ್ಲ್ಸ್, ರೀಡ್ ಇಟ್ ಅಟ್ ಹೋಮ್' ಎಂದು ಪುಟ ಮಗುಚುತ್ತಿದ್ದರು. ಮನೆಯಲ್ಲಿ ಅಮ್ಮ ಪುಸ್ತಕವನ್ನೇ ಮುಚ್ಚಿಸುತ್ತಿದ್ದರು.)

ಚಂದನಾಳ ಅಮ್ಮ ಗಿರಿಜಾ ಇಂಗ್ಲಿಷ್ ಟೀಚರಾದ ನನ್ನನ್ನು ಕರೆಸಿದ್ದೇ ಈ ವಿಷಯ ಮುಚ್ಚಿಡಲು. "ಮಿಸ್, ಯಾರಾದ್ರೂ ಕೇಳಿದ್ರೆ ನೀವೇ ಇಂಗ್ಲಿಷಲ್ಲಿ ಏನಾದ್ರೂ ಹೇಳಿಬಿಡಿ." ಜಾತಕ ಕೂಡಿದೆ, ಹುಡುಗ ಮಹೇಶ ಬ್ಯಾಂಕಿನಲ್ಲಿದ್ದಾನೆ. ಇಂಥ ಸಂಬಂಧ ತಪ್ಪಿಹೋದರೆ?

ಹುಡುಗನ ತಂದೆ ಕೇಳಿಯೇಬಿಟ್ಟರು, ರಜೆಯಲ್ಲಿ ಹುಡುಗಿ ಏನು ಮಾಡುತ್ತಾಳೆಂದು. ನಾನು 'ಕಮ್ಯುನಿಟಿ ವೆಲ್‌ನೆಸ್' ಎಂದೆ. ಅವರಿಗೆ ಅರ್ಥವಾಗಲಿಲ್ಲ. (ನನಗೂ ಆಗಿರಲಿಲ್ಲ.) ಚಂದನಾಳೇ ಬಿಡಿಸಿ ಹೇಳಿದಳು. ಹೇಳಿ, ಮಹೇಶನ ಕಡೆ ತಿರುಗಿದಳು.

"ಮದುವೆಗೆ ಮುಂಚೆ ನಾವಿಬ್ರೂ ಎಚ್‌ಐವಿ ಟೆಸ್ಟ್ ಮಾಡಿಸ್ಕೊಳ್ಳೋಣ. ಸರ್ಕಾರಿ ಆಸ್ಪತ್ರೇಲಿ ಮಾಡ್ತಾರೆ, ಯಾರಿಗೂ ಹೇಳಲ್ಲ. ಆಗುತ್ತಾ?"

ಚಮಚಗಳು ನಿಂತದ್ದು ಆಗ.

"ನಮ್ ಹುಡ್ಗಂಗೆ ಅಂಥ ಚಾಳಿ ಯಾವ್ದೂ ಇಲ್ಲ ಕಣಮ್ಮ," ಎಂದರು ತಂದೆ.

"ಚಾಳಿ ಕೇಳ್ತಿಲ್ಲ ಅಂಕಲ್. ರಕ್ತ ಕೇಳ್ತಿದೀನಿ."

ಗಿರಿಜಾ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ.

ಮಹೇಶ ಮೆಲ್ಲಗೆ ಕೇಳಿದ, ಅಕಸ್ಮಾತ್ ಪಾಸಿಟಿವ್ ಬಂದರೆ? ಈಗ ಒಳ್ಳೆಯ ಔಷಧಿ ಇದೆ, ತೆಗೆದುಕೊಂಡು ಎಲ್ಲರ ಹಾಗೆ ಬದುಕುತ್ತಾರೆ, ಗೊತ್ತಿಲ್ಲದೆ ಇರುವುದೇ ಅಪಾಯ ಎಂದಳು ಚಂದನಾ. ಬಂದವರು ಕಾಫಿ ಮುಗಿಸಿ, 'ತಿಳಿಸ್ತೀವಿ' ಎಂದು ಎದ್ದರು. ಗಿರಿಜಾ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ನಮ್ಮವರು ನನ್ನನ್ನು ನೋಡಲು ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, 'ಸಕ್ಕರೆ ಸಾಕಾ?' ಸಾಕು ಎಂದರು. ಆ ಒಂದು ಮಾತನ್ನು ನಂಬಿಕೊಂಡು ಇಡೀ ಸಂಸಾರ ಮಾಡಿದೆ. ಒಳ್ಳೆಯ ಮನುಷ್ಯ, ನಿಜ. ಆದರೆ ಅದು ಪ್ಯೂರ್ ಲಕ್ ಅಲ್ಲವೇ?

ಬುಧವಾರ ಮಹೇಶನೇ ಚಂದನಾಳಿಗೆ ಫೋನ್ ಮಾಡಿದ. ಸೂಜಿ ಕಂಡರೆ ತಲೆ ತಿರುಗುತ್ತದಂತೆ, ಆದರೂ ಹೋಗಿ ಮಾಡಿಸಿಕೊಂಡನಂತೆ. ನೆಗೆಟಿವ್. ಇವಳದ್ದೂ ನೆಗೆಟಿವ್. ಗಿರಿಜಾ ದೇವರಿಗೆ ದೀಪ ಹಚ್ಚಿದಳು.

ಸಂಜೆ ಏದುಸಿರು ಬಿಡುತ್ತಾ ನಮ್ಮನೆಗೆ ಬಂದಳು. "ಮಿಸ್, ಇವಳು ಎರಡನೇ ಪ್ರಶ್ನೆ ಕೇಳಿದಾಳಂತೆ!"

ಪ್ರಶ್ನೆ ಇಷ್ಟೇ: "ಮಗು ಯಾವಾಗ ಅನ್ನೋದನ್ನ ನಾವಿಬ್ರೇ ಕೂತು ತೀರ್ಮಾನ ಮಾಡೋಣ. ಮನೇಲಿ ಎಲ್ರೂ 'ಏನಾದ್ರೂ ವಿಶೇಷ ಇದ್ಯಾ?' ಅಂತ ಶುರು ಮಾಡಿದಾಗ, ನೀವು ನನ್ನ ಪರ ಮಾತಾಡ್ತೀರಾ?"

(ಚಂದನಾಳ ಪರ್ಮಿಷನ್ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಗಿರಿಜಾಳದ್ದು ಇನ್ನೂ ಸಿಕ್ಕಿಲ್ಲ.)

ಮಹೇಶ ಸ್ವಲ್ಪ ಟೈಮ್ ಕೇಳಿದ್ದಾನೆ. ಪಾಪ, ಓಡಿಹೋಗಿ ರಿಪೋರ್ಟ್ ತರೋಣವೆಂದರೆ, ಇದಕ್ಕೆ ಯಾವ ಆಸ್ಪತ್ರೆಯಲ್ಲಿ ಟೆಸ್ಟ್ ಮಾಡುತ್ತಾರೆ, ಹೇಳಿ?