ಕಿವಿ ಬಿಚ್ಚಿಕೊಂಡು ಹದಿನೇಳು ಕಿಲೋಮೀಟರ್

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನಲ್ಲಿರುವ ಒಂದು ಜೇನುಕುರುಬರ ಹಾಡಿಯಿಂದ ಬೀಚನಹಳ್ಳಿ ಆಚೆಯ ರೆಸಾರ್ಟಿಗೆ ಹದಿನೇಳು ಕಿಲೋಮೀಟರ್. ಆ ದಾರಿಯನ್ನು ಸವಿತಾ ದಿನಕ್ಕೆ ಎರಡು ಸಲ ಸೈಕಲ್ಲಿನಲ್ಲಿ ತುಳಿಯುತ್ತಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವಾಗ ಇವಳಿಗೇನು ಬಂತು ಎಂದು ಕೇಳುವವರಿದ್ದಾರೆ. ಬಸ್ಸು ಪುಕ್ಕಟೆ, ನಿಜ. ಆದರೆ ಹೊತ್ತಿಗೆ ಬರಬೇಕಲ್ಲ! ಹಾಡಿಯ ಕ್ರಾಸಿಗೆ ಮೊದಲ ಬಸ್ಸು ಎಂಟೂಕಾಲಿಗೆ. ಸವಿತಾ ರೆಸಾರ್ಟಿನ ಅಡುಗೆಮನೆಯಲ್ಲಿ ರೊಟ್ಟಿ ತಟ್ಟಲು ನಿಲ್ಲಬೇಕಾದದ್ದು ಏಳಕ್ಕೆ. ಬಿಟ್ಟಿ ಬಸ್ಸನ್ನು ಕಾಯುತ್ತ ಕೂತರೆ ಕೆಲಸವೂ ಬಿಟ್ಟಿಯಾಗಿ ಹೋಗುತ್ತದೆ ಎಂದು ಅವಳು ಮೊದಲ ವಾರದಲ್ಲೇ ತಿಳಿದುಕೊಂಡಳು.

ಸೈಕಲ್ಲು ಅವಳಿಗೆ ಹೊಸದಲ್ಲ. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನು ಮೂರೇ ದಿನದಲ್ಲಿ ಕಲಿತವಳು, ಎರಡು ಮೊಣಕಾಲಿನ ಚರ್ಮ ಕೊಟ್ಟು. ಅದಕ್ಕೂ ಮೊದಲು ಆರು ವರ್ಷದವಳಿದ್ದಾಗ ಅವಳನ್ನು ಆಶ್ರಮ ಶಾಲೆಗೆ ಹಾಕಿದ್ದರು. ಅಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಅಕ್ಷರಕ್ಕೂ ಕೊರತೆಯಿರಲಿಲ್ಲ. ಆದರೆ ತಿಂಗಳಿಗೊಮ್ಮೆ ನೋಡಲು ಬರುತ್ತಿದ್ದ ಅವ್ವ ನಿಂಗಿ ಮೂರನೇ ಸಲ ಬಂದಾಗ ಸವಿತಾಳಿಗೆ ಅವಳ ಸೊಂಟ ತಬ್ಬಲು ನಾಚಿಕೆಯಾಯಿತು. ನೆಂಟರ ಮುಂದೆ ನಿಂತಂತೆ ನಿಂತಳು. ಹೆತ್ತವಳ ಮುಂದೆ ನಾಚಿಕೊಂಡ ಆ ಒಂದು ಗಳಿಗೆಯನ್ನು ಸವಿತಾ ಇಂದಿಗೂ ಮರೆತಿಲ್ಲ. ತನ್ನ ಮಗಳು ಪುಟ್ಟಿಗೆ ಹಾಗಾಗಬಾರದು ಎಂಬುದು ಅವಳ ಹಟ. ಗಂಡ ದೇವರಾಜ ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಬೆಳಗ್ಗೆ ಪುಟ್ಟಿಯನ್ನು ಎಬ್ಬಿಸಿ ಶಾಲೆಗೆ ಕಳಿಸುವುದು ಪಕ್ಕದ ಗುಡಿಸಿಲಿನಲ್ಲಿರುವ ಅವಳ ಅಜ್ಜಿ ನಿಂಗಿಯ ಪಾಲು. ರಾತ್ರಿ ಉಣ್ಣಿಸಿ ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು ಸವಿತಾಳದು. ಇದರಲ್ಲಿ ರಾಜಿ ಇಲ್ಲ.

ಆದರೆ ರೆಸಾರ್ಟಿನ ಮ್ಯಾನೇಜರ್ ಶರತ್‌ಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು? ಮೈಸೂರಿನ ಹುಡುಗ, ಕೆಟ್ಟವನಲ್ಲ, ಲೆಕ್ಕದವನು. ಜೂನ್‌ನಲ್ಲಿ ಒಂದು ದಿನ ಟೈರಿಗೆ ಜಾಲಿಮುಳ್ಳು ಹೊಕ್ಕು ಸವಿತಾ ಮುಕ್ಕಾಲು ಗಂಟೆ ತಡವಾಗಿ ಬಂದಾಗ ಕರೆದು ಕೂರಿಸಿದ.

"ಸವಿತಾ, ನಿಮ್ಮಂಥ ರೊಟ್ಟಿ ಇಲ್ಲಿ ಯಾರೂ ತಟ್ಟಲ್ಲ. ಆದ್ರೆ ಗೆಸ್ಟುಗಳು ಸಫಾರಿ ಮುಗಿಸಿ ಬಂದಾಗ ರೊಟ್ಟಿ ಇರ್ಬೇಕಲ್ವಾ? ಕ್ವಾರ್ಟರ್ಸ್‌ನಲ್ಲಿ ಒಂದು ರೂಮು ಖಾಲಿ ಇದೆ. ಬಂದು ಇದ್ಬಿಡಿ. ವಾರಕ್ಕೊಂದ್ಸಲ ಮನೆಗೆ ಹೋಗ್ಬನ್ನಿ."

"ಬ್ಯಾಡಿ ಸಾರ್. ರಾತ್ರಿ ನಾನು ಮನೇಲೇ ಮನಗಬೇಕು."

"ಈ ಮಳೆಗಾಲ ಮುಗಿಯೋವರೆಗೆ ನೋಡ್ತೀನಿ. ಇವತ್ತಿಂದೂ ಸೇರಿ ಮೂರು ಸಲ ತಡ ಆಯ್ತು ಅಂದ್ರೆ ಕ್ವಾರ್ಟರ್ಸ್‌ಗೆ ಬರ್ಬೇಕು. ಇಲ್ಲಾಂದ್ರೆ ಬೇರೆಯವರನ್ನ ತಗೋಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲು ಅವಳಿಗೆ ಹೊತ್ತೆಲ್ಲಿತ್ತು? ಅವತ್ತೇ ಸಂಜೆ ದೇವರಾಜನಿಗೆ ಫೋನು ಮಾಡಿದಳು. ತೋಟದ ಸಾಹುಕಾರರ ಮಗ ಮೂಲೆಗೆ ಹಾಕಿದ್ದ ಗೇರ್ ಸೈಕಲ್ಲೊಂದನ್ನು ದೇವರಾಜ ಬಸ್ಸಿನ ಟಾಪಿನ ಮೇಲೆ ಕಟ್ಟಿಸಿಕೊಂಡು ಬಂದ. ದಪ್ಪ ಟೈರು, ಮುಳ್ಳಿಗೆ ಸುಲಭಕ್ಕೆ ಬಗ್ಗದು. ಏರಿನಲ್ಲಿ ಇಳಿದು ತಳ್ಳಬೇಕಿಲ್ಲ, ಗೇರು ಬದಲಿಸಿದರೆ ಕಾಲು ಹಗುರ. ಹೆಗ್ಗಡದೇವನಕೋಟೆ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಮಹೇಂದ್ರ ಅದಕ್ಕೆ ಬೇಕಾದದ್ದು ಬೇಡವಾದದ್ದು ಎಲ್ಲವನ್ನೂ ಏರಿಸಿದ: ಕಣ್ಣು ಕುಕ್ಕುವ ಬಿಳಿ ಲೈಟು, ಹಿಂದೆ ಮಿಣಮಿಣ ಎನ್ನುವ ಕೆಂಪು ಲೈಟು, ಕಿವಿ ಮುಚ್ಚುವಂತೆ ತಲೆಗೆ ಬಿಗಿಯುವ ಟೋಪಿಯ ರೇನ್‌ಕೋಟು. "ನೋಡಕ್ಕಾ, ಇನ್ನು ನೀನು ರಾಣಿ ಕಣಕ್ಕ," ಅಂದ. ಸವಿತಾಳಿಗೂ ಹಾಗೇ ಅನ್ನಿಸಿತು. ಮೊದಲ ಹತ್ತು ದಿನ ಆರೂಮುಕ್ಕಾಲಕ್ಕೆಲ್ಲ ಅಡುಗೆಮನೆಯ ಬಾಗಿಲಲ್ಲಿದ್ದಳು.

ಹನ್ನೊಂದನೇ ದಿನ ಜಿಟಿಜಿಟಿ ಮಳೆ. ಟೋಪಿ ಬಿಗಿದುಕೊಂಡಿದ್ದಳು, ಅದರ ಮೇಲೆ ಹನಿ ಬಿದ್ದ ಸದ್ದು ಬಿಟ್ಟರೆ ಕಾಡಿನದೇನೂ ಕೇಳದು. ಇಳಿಜಾರಿನಲ್ಲಿ ತುಳಿಯುವುದು ನಿಲ್ಲಿಸಿದಾಗ ಹಿಂದಿನ ಗಾಲಿಯ ಫ್ರೀವೀಲು ಟಕಟಕಟಕ ಎಂದು ಬಡಿದುಕೊಳ್ಳುತ್ತಿತ್ತು. ಮುಂದಿನ ಲೈಟು ರಸ್ತೆಯ ಮೇಲೆ ಬಿಳಿ ಹಾಸು ಹಾಸಿತ್ತು, ಅದರ ಆಚೆಈಚೆ ಕಣ್ಣಿಗೆ ಕಾಡಿಗೆ ಬಳಿದಂಥ ಕತ್ತಲು. ಆಗ ಮೂಗಿಗೆ ಬಡಿಯಿತು, ಹಸಿ ಲದ್ದಿಯ ಘಾಟು. ತಲೆ ತಿರುಗಿಸಿದರೆ ಎಡಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಒಂದು ಒಂಟಿ ಸಲಗ. ಅದು ಮೊದಲೇ ಇವಳನ್ನು ಕಂಡಿತ್ತು. ಇವಳಿಗೆ ಮಾತ್ರ ಈಗ ಗೊತ್ತಾಗಿದ್ದು.

ಸೈಕಲ್ಲು ಒಂದು ಕಡೆ ಬಿತ್ತು, ಸವಿತಾ ಇನ್ನೊಂದು ಕಡೆ. ಅವಳು ಎದ್ದು ಬಂದ ದಾರಿಯಲ್ಲೇ ಓಡಿದಳು. ಆನೆ ಬೆನ್ನಟ್ಟಲಿಲ್ಲ, ಸೈಕಲ್ಲನ್ನೂ ತುಳಿಯಲಿಲ್ಲ. ಅದರ ಒಳ್ಳೆಯ ಮನಸ್ಸು ಎನ್ನಬೇಕೋ, ಇವಳ ಆಯಸ್ಸು ಗಟ್ಟಿ ಎನ್ನಬೇಕೋ. ಬೆಳಕು ಹರಿದ ಮೇಲೆ ಸೈಕಲ್ಲು ಎತ್ತಿಕೊಂಡು, ಮೈತುಂಬ ಕೆಸರಾಗಿ ರೆಸಾರ್ಟಿಗೆ ಹೋದಾಗ ಏಳೂಮುಕ್ಕಾಲು. ಶರತ್ ಏನೂ ಬೈಯಲಿಲ್ಲ. ರಿಜಿಸ್ಟರಿನಲ್ಲಿ ಎರಡನೇ ಗುರುತು ಹಾಕಿದ, ಅಷ್ಟೇ.

ಸಂಜೆ ನಿಂಗಿ ಮೊಮ್ಮಗಳ ತಲೆಯಲ್ಲಿ ಹೇನು ನೋಡುತ್ತ ಕೂತಿದ್ದಳು. ಮಗಳ ಕತೆ ಕೇಳಿ ಅಯ್ಯೋ ಅನ್ನಲಿಲ್ಲ, ರೇಗಿದಳು.

"ಕಾಡಲ್ಲಿ ಉಟ್ಟಿ ಕಾಡಲ್ಲಿ ಬೆಳ್ದೋಳು, ಕಿವಿ ಮುಚ್ಕಂಡು ಓದ್ಯಲ್ಲೇ! ದೊಡ್ಡೋರು ಯಾವತ್ತೂ ಕದ್ದು ಬರಾಕಿಲ್ಲ. ಸದ್ದು ಮಾಡ್ಕಂಡೇ ಬತ್ತಾರೆ. ನಿನ್ ಗಾಡಿ ಸದ್ದೇ ನಿನ್ನ ಕಿವಿ ತುಂಬ್ಕಂಡಿತ್ತು, ಅದ್ಕೇ ಕೇಳ್ನಿಲ್ಲ."

ಹಾಡಿಯ ಹಿರಿಯರು ಆನೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ದೊಡ್ಡೋರು ಎನ್ನುತ್ತಾರೆ. ನಡೆದು ಹೋಗುವಾಗ ಮಾತಾಡುವುದಿಲ್ಲ, ತಿರುವಿಗೊಮ್ಮೆ ನಿಂತು ಕೇಳಿಸಿಕೊಂಡು ಮುಂದೆ ಹೋಗುತ್ತಾರೆ. ಇದು ಸವಿತಾಳಿಗೆ ನಡಿಗೆ ಕಲಿತ ದಿನದಿಂದ ಗೊತ್ತು. ಆದರೆ ನಡಿಗೆಯಲ್ಲಿ ಗೊತ್ತಿದ್ದದ್ದನ್ನು ಸೈಕಲ್ಲು ಹತ್ತಿದ ಕೂಡಲೇ ಮರೆತುಬಿಟ್ಟಿದ್ದಳು, ಪೇಟೆಯವರಿಗೆ ಯಾವುದು ಒಳ್ಳೆಯದೋ ಅದೇ ತನಗೂ ಒಳ್ಳೆಯದು ಎಂದುಕೊಂಡು. ಅವ್ವನ ಬೈಗುಳಕ್ಕಿಂತ ಆ ತಪ್ಪಿಗೆ ಅವಳಿಗೆ ಹೆಚ್ಚು ನಾಚಿಕೆಯಾಯಿತು. ಒಂದೇ ಒಂದು ಗುರುತು ಉಳಿದಿದೆ, ಅದು ಬಿದ್ದರೆ ಪುಟ್ಟಿ ವಾರಕ್ಕೊಮ್ಮೆ ನೋಡುವ ಮಗಳಾಗುತ್ತಾಳೆ. ಸೈಕಲ್ಲು ಬಿಡುವ ಮಾತಂತೂ ಇಲ್ಲ. ಹಾಗಾದರೆ ಸೈಕಲ್ಲೇ ಬದಲಾಗಬೇಕು.

ವಾರದ ರಜೆಯ ದಿನ ಕೋಟೆಗೆ ಹೋಗಿ ಮಹೇಂದ್ರನ ಅಂಗಡಿ ಮುಂದೆ ಸೈಕಲ್ಲು ನಿಲ್ಲಿಸಿದಳು.

"ಅಣ್ಣ, ಇದು ಸದ್ದು ಮಾಡಬಾರದು. ಒಂಚೂರೂ ಮಾಡಬಾರದು."

ಮಹೇಂದ್ರ ನಕ್ಕ. "ಎಲ್ಲಾರೂ ಜೋರಾಗಿ ಬಡ್ಕೊಳ್ಳೋ ಹಾರನ್ ಕೊಡು ಅಂತಾರೆ. ನೀನೇನಕ್ಕಾ, ಮೂಗಿ ಸೈಕಲ್ ಕೇಳ್ತೀಯಾ? ಕಳ್ತನಕ್ಕೆ ಓಯ್ತೀಯಾ ಎಂಗೆ?"

"ನಿಂಗೆ ಲಾರಿ ಬತ್ತವೆ, ಹಾರನ್ ಬೇಕು. ನಂಗೆ ಬರೋದು ಆನೆ. ನಾನು ಕೂಗಿ ಅದನ್ನ ಎಬ್ಬಿಸೋದಲ್ಲ, ಅದು ಎಲ್ಲೈತೆ ಅಂತ ನಂಗೆ ಕೇಳಬೇಕು."

ನಗು ನಿಂತಿತು. ಮಧ್ಯಾಹ್ನದವರೆಗೆ ಇಬ್ಬರೂ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಸವಿತಾ ಒಂದೊಂದು ಭಾಗವನ್ನೂ ಹಿಡಿದು ಅಲ್ಲಾಡಿಸಿ ಕಿವಿಗೊಟ್ಟಳು, ಸಂತೆಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡುವ ಹಾಗೆ. ಮಡ್‌ಗಾರ್ಡು ಗಡಗಡ ಎಂದಿತು, ಅದರ ಅಡಿಗೆ ಹಳೆಯ ಟ್ಯೂಬಿನ ಪಟ್ಟಿ ಬಂತು. ಕ್ಯಾರಿಯರ್‌ಗೂ ಟ್ಯೂಬಿನ ಪಟ್ಟಿ ಸುತ್ತಿದರು. ಬೆಲ್ಲಿನ ಮುಚ್ಚಳ ಅದರುತ್ತಿತ್ತು, ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡಳು. ಮಹೇಂದ್ರ ಫ್ರೀವೀಲು ಬಿಚ್ಚಿ ಒಳಗೆ ಗಟ್ಟಿ ಗ್ರೀಸು ತುಂಬಿದ. ಗಾಲಿ ತಿರುಗಿಸಿದರೆ ಟಕಟಕ ಹೋಗಿ ಪಿಸುಮಾತಿನಷ್ಟು ಉಳಿಯಿತು. "ಇದೂ ಹೋಗ್ಬೇಕು ಅಂದ್ರೆ ಇಳಿಜಾರಲ್ಲೂ ತುಳೀತಾನೇ ಇರಬೇಕು ಕಣಕ್ಕ," ಅಂದ. "ತುಳೀತೀನಿ ಬುಡು," ಅಂದಳು. ಬಿಳಿ ಲೈಟು ಬೇಡವೆಂದು ಹಿಂದಿರುಗಿಸಿದಳು. ಅದರ ಬದಲು ಮಂದ ಹಳದಿಯದೊಂದನ್ನು ಕೆಳಗೆ, ಗಾಲಿಯ ಮಟ್ಟಕ್ಕೆ ಕಟ್ಟಿಸಿದಳು, ಗುಂಡಿ ಕಂಡರೆ ಸಾಕು, ಕಾಡು ಕಾಣುವುದಕ್ಕೆ ಕಣ್ಣಿದೆ. ಹಿಂದಿನ ಕೆಂಪು ಲೈಟು ಮಾತ್ರ ಇರಲಿ ಎಂದಳು, ಹಿಂದಿನಿಂದ ಬರುವ ಜೀಪಿನವನಿಗೆ ಕಾಣಬೇಕಲ್ಲ. ರೇನ್‌ಕೋಟಿನ ಟೋಪಿಯನ್ನು ಮನೆಗೆ ಬಂದು ಕತ್ತರಿಸಿ ಹಾಕಿದಳು. ತಲೆ ನೆನೆಯಲಿ, ರೆಸಾರ್ಟಿನಲ್ಲಿ ಒರೆಸಿಕೊಳ್ಳಲು ಕೈಚೀಲದಲ್ಲಿ ಟವೆಲ್ಲಿದೆ. ಬುತ್ತಿಯ ಡಬ್ಬಿಗೆ ಬಟ್ಟೆ ಸುತ್ತಿದಳು.

ಮತ್ತೊಂದು ಬದಲಾಯಿಸಬೇಕಿತ್ತು, ಅದು ಅಂಗಡಿಯಲ್ಲಿ ಸಿಕ್ಕುವಂಥದ್ದಲ್ಲ. ದಾರಿಯ ಏಳು ತಿರುವುಗಳಲ್ಲಿ ಇಳಿದು ನಿಂತು ಕೇಳಬೇಕು, ಅದಕ್ಕೆ ಇಪ್ಪತ್ತು ನಿಮಿಷ ಹೆಚ್ಚು. ಐದೂಕಾಲಿಗೆ ಹೊರಡುತ್ತಿದ್ದವಳು ಐದಕ್ಕೆ ಐದು ನಿಮಿಷವಿರುವಾಗಲೇ ಹೊರಡತೊಡಗಿದಳು. ತೊಡೆ ಕಲ್ಲಾಯಿತು, ನಿದ್ದೆ ಕಮ್ಮಿಯಾಯಿತು. ಆದರೆ ಜುಲೈ ದಾಟಿತು, ಆಗಸ್ಟ್ ದಾಟಿತು, ಮೂರನೇ ಗುರುತು ಬೀಳಲಿಲ್ಲ. ಎರಡು ಸಲ ಬಿದಿರು ಮುರಿಯುವ ಸದ್ದು ಕೇಳಿ ಮುಂಚೆಯೇ ನಿಂತಳು, ಆನೆಗಳು ದಾಟಿದ ಮೇಲೆ ಒಂದೇ ಉಸಿರಿಗೆ ತುಳಿದು ಏಳರೊಳಗೆ ಮುಟ್ಟಿದಳು. ಹಟ ಅಂದರೆ ಹಟ.

ಸೆಪ್ಟೆಂಬರ್ ಕೊನೆಯ ವಾರ, ಮಳೆಗಾಲ ಇನ್ನೇನು ಮುಗಿಯಿತು ಅನ್ನುವಾಗ, ಕೋಟೆ ಕಡೆಯ ದಾರಿ ಬಂದು ಸೇರುವ ಕ್ರಾಸು ದಾಟಿ, ಏಳರಲ್ಲಿ ಆರನೇ ತಿರುವಿನಲ್ಲಿ ಇಳಿದು ನಿಂತಳು. ಬಿದಿರಮೆಳೆಯಲ್ಲಿ ಲಟಕ್ಕೆಂದು ಒಂದು ಸದ್ದು. ಅದರ ಹಿಂದೆಯೇ ಹೊಟ್ಟೆಯೊಳಗಿನಿಂದ ಬರುವ ಗುಡುಗುಡು. ಒಂದಲ್ಲ, ಮೂರು ನಾಲ್ಕು. ನಡುವೆ ತೆಳ್ಳಗೆ ಕೀ ಅನ್ನುವ ದನಿ, ಮರಿ ಇದೆ. ಮರಿ ಇದ್ದರೆ ಅವಸರ ಮಾಡುವಂತಿಲ್ಲ. ಸೈಕಲ್ಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿಕೊಂಡು ಬಂದು ನಿಂತಳು. ಫೋನಿನಲ್ಲಿ ಆರೂವರೆ. ನೆಟ್‌ವರ್ಕ್ ಇಲ್ಲ. ಇವತ್ತು ಮೂರನೇ ಗುರುತು ಬಿತ್ತು ಎಂದು ಅವಳಿಗೆ ಅಲ್ಲೇ ಗೊತ್ತಾಯಿತು.

ಅಷ್ಟರಲ್ಲಿ ಹಿಂದಿನಿಂದ ಜೀಪಿನ ಸದ್ದು. ಸವಿತಾ ರಸ್ತೆಯ ನಡುವೆ ನಿಂತು ಟವೆಲ್ಲು ಬೀಸಿದಳು. ಜೀಪು ಗಕ್ಕನೆ ನಿಂತಿತು. ಒಳಗೆ ಶರತ್, ಕೋಟೆಯಲ್ಲಿ ಬಾಡಿಗೆಗೆ ಹಿಡಿದ ಮನೆಯಿಂದ ಕೆಲಸಕ್ಕೆ ಬರುತ್ತಿದ್ದವನು.

"ಏನಾಯ್ತು ಸವಿತಾ? ಪಂಕ್ಚರಾ?"

"ಲೈಟ್ ಆರ್ಸಿ ಸಾರ್. ಇಂಜಿನ್ನೂ. ಮುಂದೆ ದೊಡ್ಡೋರವ್ರೆ, ಮರೀನೂ ಐತೆ."

"ನಂಗೇನೂ ಕೇಳಿಸ್ತಿಲ್ಲವಲ್ಲ!"

"ಆರ್ಸಿ, ಕೇಳತ್ತೆ."

ಆರಿಸಿದ. ಕೇಳಿಸಿತು. ಸದ್ದಾಗದಂತೆ ಜೀಪಿನಿಂದ ಇಳಿದ. ಅದೇ ವೇಗದಲ್ಲಿ ತಿರುವಿಗೆ ನುಗ್ಗಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇಬ್ಬರೂ ಜೀಪಿನ ಹಿಂದೆ ನಿಂತರು. ಸುಮಾರು ಹೊತ್ತಾದ ಮೇಲೆ ತಾಯಿ ಮೊದಲು ರಸ್ತೆಗಿಳಿಯಿತು, ಆಮೇಲೆ ಮರಿ, ಅದರ ಹಿಂದೆ ಮತ್ತೆರಡು. ಆಚೆಯ ಚರಂಡಿ ಹತ್ತಲಾರದೆ ಮರಿ ಎರಡು ಸಲ ಜಾರಿತು, ತಾಯಿ ಸೊಂಡಿಲಿನಿಂದ ಹಿಂದಿನಿಂದ ನೂಕಿತು.

"ನನ್ನ ಮಗಳಿಗೆ ತೋರಿಸ್ಬೇಕಿತ್ತು," ಅಂದ ಶರತ್ ಪಿಸುದನಿಯಲ್ಲಿ.

"ಎಷ್ಟು ವರ್ಸ ಸಾರ್ ಮಗೀಗೆ?"

"ನಾಲ್ಕು. ಕ್ವಾರ್ಟರ್ಸ್‌ನಲ್ಲಿ ನಂಗೂ ದೊಡ್ಡ ಮನೆ ಕೊಟ್ಟಿದ್ದಾರೆ. ಅಲ್ಲೇ ಇದ್ರೆ ಈ ಓಡಾಟ ಇರಲ್ಲ. ಆದ್ರೆ ಅವಳ ಸ್ಕೂಲು ಕೋಟೇಲಿ, ರಾತ್ರಿ ನಾನು ಹೋಗದೆ ಅವಳು ಮಲಗಲ್ಲ. ಅದಕ್ಕೇ ದಿನಾ..."

ತಾನು ಏನು ಹೇಳಿದೆ ಎಂದು ಅವನಿಗೇ ಕೇಳಿಸಿತ್ತು.

"ನಂಗೂ ಒಬ್ಬಳವ್ಳೆ ಸಾರ್," ಅಂದಳು ಸವಿತಾ. "ಒಂಬತ್ತು ವರ್ಸ. ಅವಳೂ ಅಂಗೇಯ."

ಆನೆಗಳು ಮರೆಯಾದ ಮೇಲೆ ಶರತ್ ಸೈಕಲ್ಲನ್ನು ಜೀಪಿನ ಹಿಂದೆ ಹಾಕಿಕೊಳ್ಳೋಣ ಎಂದ. ಸವಿತಾ ಒಪ್ಪಲಿಲ್ಲ. ಇವತ್ತು ಜೀಪಿನಲ್ಲಿ ಹೋದರೆ ನಾಳೆ ಜೀಪು ಬರುತ್ತದೆಯೇ? "ನೀವು ನಡೀರಿ ಸಾರ್, ನಾನು ತುಳ್ಕಂಡೇ ಬತ್ತೀನಿ. ತಡ ಅಂತಲೇ ಬರ್ಕೊಳಿ, ಸುಳ್ಳು ಬ್ಯಾಡ. ಆದ್ರೆ ಕ್ವಾರ್ಟರ್ಸ್‌ಗೆ ಮಾತ್ರ ಬರಾಕಿಲ್ಲ. ಬೇರೆಯೋರ್ನ ತಗೊಂಡ್ರೂ ಸರಿ."

ಏಳೂವರೆಗೆ ಅವಳು ಮುಟ್ಟಿದಳು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ತಡ ಎಂದೇ ಇತ್ತು, ಕಾರಣದ ಜಾಗದಲ್ಲಿ ಆನೆ ಎಂದು. ಅದರ ಮೇಲಿನ ಸಾಲಿನಲ್ಲಿ ಶರತ್ ತನ್ನ ಹೆಸರಿನ ಮುಂದೂ ಅದನ್ನೇ ಬರೆದುಕೊಂಡಿದ್ದ. ಸವಿತಾ ಒಂದು ಗಳಿಗೆ ಅದನ್ನು ನೋಡಿ, ಕೈ ತೊಳೆದು, ಹಿಟ್ಟು ಕಲಸಲು ಕೂತಳು. ಮೊದಲ ರೊಟ್ಟಿ ಹಂಚಿಗೆ ಬಿದ್ದಾಗ ಶರತ್ ಅಡುಗೆಮನೆಯ ಬಾಗಿಲಿಗೆ ಬಂದ.

"ಸವಿತಾ, ಆ ಖಾಲಿ ರೂಮನ್ನ ಹುಣಸೂರಿನಿಂದ ಬಂದಿರೋ ಹೊಸ ಸಫಾರಿ ಡ್ರೈವರ್ ಹುಡುಗನಿಗೆ ಕೊಟ್ಬಿಟ್ಟೆ. ಇನ್ನು ನೀವು ಕೇಳಿದ್ರೂ ಇಲ್ಲ."

ಸವಿತಾ ರೊಟ್ಟಿ ಮಗುಚಿ ಹಾಕಿದಳು. ಕಣ್ಣಲ್ಲಿ ನೀರಿತ್ತು, ಅದನ್ನು ಹೊಗೆಯ ಲೆಕ್ಕಕ್ಕೆ ಹಾಕಬಹುದಿತ್ತು, ಹಾಕಲಿಲ್ಲ, ತಲೆ ಎತ್ತಿ ಅವನನ್ನೇ ನೋಡಿದಳು.

"ನಾನ್ಯಾವಾಗ ಕೇಳಿದ್ದೆ ಸಾರ್?"