ಮೂರನೆಯ ಸದ್ದು

ಇಂದು ಭಾನುವಾರ. ಐದೂವರೆಗೆ ಎದ್ದೆ. ನಳ ಬರುವ ದಿನವಾದ್ದರಿಂದ ಎರಡು ಬ್ಯಾರಲ್ಲು, ಆರು ಕೊಡ ತುಂಬಿಸಿದೆ. ಅಕ್ಕಿ ತೊಳೆದ ನೀರನ್ನು ದಾಸವಾಳದ ಬುಡಕ್ಕೆ ಹಾಕಿದೆ. ಚಹಾ ಮಾಡಿ ಹೆಂಡತಿ ಕಸ್ತೂರಿಗೂ ತಂಗಿ ಗಿರಿಜಾಗೂ ಕೊಟ್ಟೆ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತಿರುವಿದೆ. ಹಿತ್ತಲ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟೆ. ಆಮೇಲೆ, ಏಳು ವರ್ಷದ ಹಿಂದೆ ಆಡಿದ ಒಂದು ಸುಳ್ಳನ್ನು ಗಿರಿಜಾಳ ಮುಂದೆ ಒಪ್ಪಿಕೊಂಡೆ. ತಪ್ಪು ಅವಳದಾಗಿರಲಿಲ್ಲ, ನನ್ನದಾಗಿತ್ತು. ಅವಳ ಲೆಕ್ಕ ಸರಿಯಿತ್ತು. ಅದು ನನಗೆ ಆ ದಿನವೇ ಗೊತ್ತಿತ್ತು.

ಎಷ್ಟು ಸಲೀಸಾಗಿ ಬರೆದುಬಿಟ್ಟೆ — ಕೀಲಿಗೆ ಎಣ್ಣೆ ಬಿಟ್ಟ ಹಾಗೆ.

ಬೆಟಗೇರಿಯಲ್ಲಿ ನನ್ನದೊಂದು ಗ್ಯಾರೇಜು ಇದೆ. ಆಟೋಮ್ಯಾಟಿಕ್ ಗೇರಿನ ಕಾರುಗಳ ಕೆಲಸ. ದಿನಚರಿ ಬರೆಯುವುದು ತಂದೆಯಿಂದ ಬಂದ ರೂಢಿ. ಅವರ ಹಾಗೆಯೇ ಪ್ರತಿ ಹಾಳೆಯ ಕೊನೆಗೆ ಏನು ಉಂಡೆವು, ಯಾರು ಮೊದಲು ಮಲಗಿದರು ಎಂದು ಬರೆದು ಮುಗಿಸುತ್ತೇನೆ. ಗಿರಿಜಾ ಶಿರಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮದುವೆ ಬೇಡವೆಂದವಳು, ನಮ್ಮ ಜೊತೆಗೇ ಇದ್ದಾಳೆ. ಆಗ ಶಾಲೆ ಬಿಟ್ಟ ಮೇಲೆ ನೆಟ್ಟಗೆ ಗ್ಯಾರೇಜಿಗೆ ಬರುತ್ತಿದ್ದಳು. ಬಿಚ್ಚಿದ ಗೇರುಪೆಟ್ಟಿಗೆಯ ಮುಂದೆ ಸೀರೆಯ ಸೆರಗು ಸಿಕ್ಕಿಸಿ ಕೂತಳೆಂದರೆ ಊಟದ ನೆನಪಿಲ್ಲ.

ಲಕ್ಷ್ಮೇಶ್ವರದ ಮಲ್ಲಣ್ಣ ಸಾವಕಾರರದು ಶೇಂಗಾ ಎಣ್ಣೆಯ ಗಿರಣಿ. ಅವರಿಗೆ ಕಾರಿನ ಮೋಜು. ಆರು ಸಿಲಿಂಡರಿನ ಹಳೆಯ ವಿದೇಶಿ ಕಾರೊಂದನ್ನು ತಂದು, ಅದರ ಎಂಜಿನ್ನನ್ನು ಓಟದ ಪಂದ್ಯಕ್ಕೆಂದು ಜೋರು ಮಾಡಿಸಿದ್ದರು. ಎಂಜಿನ್ ಜೋರಾಗಿತ್ತು, ಆದರೆ ಗಾಡಿ ನಿಂತಲ್ಲಿಂದ ಏಳುವಾಗ ಮುಗ್ಗರಿಸುತ್ತಿತ್ತು. ಗಾಡಿಯ ಜೊತೆ ಬಂದಿದ್ದ ಟಾರ್ಕ್ ಕನ್ವರ್ಟರ್ ಈ ಹೊಸ ಜೋರಿಗೆ ಹೊಂದುತ್ತಿರಲಿಲ್ಲ. ಹೊರಗಿನವರು ತಯಾರಿಸಿದ ಬೇರೊಂದನ್ನು ಆರಿಸಿ ತರಿಸಬೇಕಿತ್ತು.

ಟಾರ್ಕ್ ಕನ್ವರ್ಟರ್ — ಮೂವತ್ತು ವರ್ಷ ಕೈಯಲ್ಲಿ ಹಿಡಿದರೂ ನನಗೆ ಅದರ ಬೆರಗು ಹೋಗಿಲ್ಲ. ನೋಡಲು ಉಕ್ಕಿನ ಕುಂಬಳಕಾಯಿ. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕೂಡುತ್ತದೆ. ಒಳಗೆ ಎದುರುಬದುರು ಎರಡು ಪಂಖ, ನಡುವೆ ಚಿಕ್ಕದೊಂದು, ಸುತ್ತ ಎಣ್ಣೆ. ಎಂಜಿನ್ ಒಂದು ಪಂಖವನ್ನು ತಿರುಗಿಸುತ್ತದೆ, ಅದು ಎಣ್ಣೆಯನ್ನು ಬೀಸುತ್ತದೆ, ಬೀಸಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಪಂಖಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಮುಟ್ಟದೆಯೇ ಅಷ್ಟು ದೊಡ್ಡ ಗಾಡಿ ಹೊರಡುತ್ತದೆ!

ಗಿರಿಜಾ ಒಮ್ಮೆ ಇದನ್ನು ಕಸ್ತೂರಿಗೆ ತೋರಿಸಲು ನಡುಮನೆಯಲ್ಲಿ ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟಳು. ಒಂದಕ್ಕೆ ಮಾತ್ರ ಕರೆಂಟು. ಅದು ತಿರುಗಿದ ಸ್ವಲ್ಪ ಹೊತ್ತಿಗೆ ಇನ್ನೊಂದು ಮೆಲ್ಲಗೆ, ನಿದ್ದೆಯಿಂದ ಎದ್ದ ಹಾಗೆ, ತಿರುಗತೊಡಗಿತು.

"ಹಂಗಾರ ಇಷ್ಟ ದಿನಾ ಎರಡೂ ಯಾಕ ಹಚ್ಚಿದ್ವಿ? ಒಂದ ಹಚ್ಚಿದ್ರ ಸಾಕಾಗಿತ್ತಲ್ಲ!" ಎಂದಳು ಕಸ್ತೂರಿ.

ಗಿರಿಜಾ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಆಮೇಲೆ ಹಾಗೆ ನಕ್ಕದ್ದು ಕಡಿಮೆ.

ಕನ್ವರ್ಟರ್ ಆರಿಸುವಾಗ ಮುಖ್ಯವಾದದ್ದು ಒಂದು ಅಂಕಿ. ನಾವು ಸ್ಟಾಲ್ ನಂಬರ್ ಎನ್ನುತ್ತೇವೆ. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ಏರಿ, ಎಣ್ಣೆಯ ಹಿಡಿತಕ್ಕೆ ಸಿಕ್ಕು ನಿಲ್ಲುತ್ತದೆ — ಅದೇ ಆ ಅಂಕಿ. ಕಡಿಮೆಯಾದರೆ ಎಂಜಿನ್ನಿಗೆ ಎಚ್ಚರವಾಗುವ ಮೊದಲೇ ಭಾರ ಬೀಳುತ್ತದೆ. ಹೆಚ್ಚಾದರೆ ಎಣ್ಣೆ ಸುಮ್ಮನೆ ಜಾರುತ್ತದೆ, ಕಾದು ಬಿಸಿಯಾಗುತ್ತದೆ.

ಸಾವಕಾರರಿಗೆ ದೊಡ್ಡ ಅಂಕಿಯೇ ಬೇಕು. "ಲಕ್ಷ್ಮೇಶ್ವರದಾಗ ಒತ್ತಿದ್ರ ಗದಗ ಬರಬೇಕ ನೋಡ್ರಿ ಬಸಣ್ಣಾ!"

ಗಿರಿಜಾ ಕೇಳಿದಳು, "ಸಾವಕಾರ್ರ, ವರ್ಷದಾಗ ಎಷ್ಟ ದಿನಾ ಪಂದ್ಯಕ್ಕ ಒಯ್ತೀರಿ?"

"ಎರಡ ದಿನಾ ಅನ್ರಿ ಅಕ್ಕಾರ. ಉಳದದ್ದೆಲ್ಲಾ ಗಿರಣಿ, ಬೀಗರ ಮನಿ."

"ಹಂಗಾರ ಬೀಗರ ಮನೀಗೂ ಹೊಂದೂದನ್ನ ಆರಸಬೇಕಲ್ರಿ. ಇಲ್ಲಾಂದ್ರ ಮುಂಡರಗಿ ಬಿಸಲಾಗ ಒಳಗಿನ ಎಣ್ಣಿ ಕುದ್ದು, ನೀವು ಅದ್ರಾಗ ಭಜಿ ಕರೀಬೇಕಾಗತೈತಿ."

"ಎಣ್ಣಿ ಮಾತು ನನಗ ಹೇಳತಾರ ನೋಡ್ರಿ ಇವರು!" ಎಂದು ಸಾವಕಾರರು ಹೊಟ್ಟೆ ಹಿಡಿದು ನಕ್ಕರು. ಆದರೆ ಒಪ್ಪಿದರು.

ಅವಳು ಆರಿಸಿದ ಬಗೆ ಹೇಗಿತ್ತೆಂದರೆ — ಗಾಡಿಯನ್ನು ಹತ್ತಿ ಮಾರ್ಕೆಟ್ಟಿನ ತೂಕದ ಕಾಟಾಕ್ಕೆ ಒಯ್ದು ತೂಗಿಸಿದಳು. ಗಾಲಿಗೆ ಸುಣ್ಣದ ಗುರುತು ಹಾಕಿ, ಅಂಗಳದಲ್ಲಿ ಒಂದು ಸುತ್ತು ಉರುಳಿಸಿ, ಎರಡು ಗುರುತುಗಳ ನಡುವೆ ಟೇಪು ಹಿಡಿದಳು. ಹಿಂದಿನ ಗೇರಿನ ಹಲ್ಲು ಎಣಿಸಿದಳು. ಎಂಜಿನ್ ಎಷ್ಟು ಸುತ್ತಿಗೆ ನಿಜವಾಗಿ ಎಳೆಯಲು ಶುರು ಮಾಡುತ್ತದೆಂದು ಮೂರು ಸಲ ಓಡಿಸಿ ನೋಡಿ ಬರೆದುಕೊಂಡಳು. ಆಮೇಲೆ ಗ್ಯಾರೇಜಿನ ಗೋಡೆಯ ಮೇಲೆ ಚಾಕಿನಿಂದ ಬರೆದಳು: ೨೮೦೦.

ಗೋಡೆಯ ಆ ಅಂಕಿಯನ್ನು ನೋಡುತ್ತ ನಿಂತಾಗ ನನಗೆ ಬೆರಗೂ ಇತ್ತು, ಇನ್ನೊಂದೂ ಇತ್ತು. ಆಗಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಗ್ರೀಸಿನಲ್ಲಿ ಕೈಯಿಟ್ಟವನು ನಾನು, ಸಾವಕಾರರು ಕೇಳುವುದು ಅವಳನ್ನು — ಈ ಸಾಲು ಬರೆಯಲು ಪೆನ್ನು ತಡೆಯುತ್ತಿದೆ. ಇರಲಿ, ಬರೆದೆ.

ಕನ್ವರ್ಟರ್ ಬಂದ ಮರುದಿನ ಅಮಾವಾಸ್ಯೆ. ಕೆಲಸದವರಿಗೆ ರಜೆ. ಸಾವಕಾರರು ಸಂಜೆ ಬರುವವರಿದ್ದರು. ನಾನೊಬ್ಬನೇ ಕೂಡಿಸಲು ನಿಂತೆ.

ಅದನ್ನು ಕೂಡಿಸುವುದರಲ್ಲಿ ಒಂದು ನೇಮವಿದೆ. ಕನ್ವರ್ಟರನ್ನು ಗೇರುಪೆಟ್ಟಿಗೆಯ ಬಾಯಿಗೆ ಹಿಡಿದು ಮೆಲ್ಲಗೆ ತಿರುವುತ್ತ ಒಳಗೆ ತಳ್ಳಬೇಕು. ಒಳಗೆ ಮೂರು ಕಡೆ ಅದು ಹಲ್ಲಿಗೆ ಹಲ್ಲು ಕೂಡಬೇಕು. ಕೂಡಿದಾಗಲೆಲ್ಲ ಟಕ್ ಎಂದು ಒಂದು ಸದ್ದು; ಕೈಗೆ ಒಂದು ಸಣ್ಣ ಇಳಿತ. ಮೂರು ಸಲ ಟಕ್ ಎನ್ನಬೇಕು. ಮೂರನೆಯದು ಪಂಪಿನದು — ಇಡೀ ಪೆಟ್ಟಿಗೆಗೆ ಎಣ್ಣೆ ತಳ್ಳುವ ಪಂಪು. ಅದು ಕೂಡದೆ ಬೋಲ್ಟ್ ಬಿಗಿದರೆ ಪಂಪು ಒಡೆಯುತ್ತದೆ. ಕೆಲಸ ಕಲಿಯಲು ಬಂದವರಿಗೆ ನಾನು ಮೊದಲ ದಿನವೇ ಹೇಳುವ ಮಾತಿದು.

ಆ ದಿನ ನನಗೆ ಎರಡೇ ಕೇಳಿಸಿದವು.

ತಿರುವಿದೆ, ತಳ್ಳಿದೆ. ಮೂರನೆಯದು ಬರಲಿಲ್ಲ. ಬೆವರು. ಗೋಡೆಯ ಮೇಲೆ ೨೮೦೦. ಮೂರನೆಯದು ಬಂದಿರಬೇಕು, ನಾನು ಕೇಳಿಸಿಕೊಂಡಿಲ್ಲ — ಎಂದು ನನಗೆ ನಾನೇ ಹೇಳಿಕೊಂಡೆ. ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಒಂದು ಬೆರಳು ಸಂದಿ ಉಳಿದಿತ್ತು. ಉಳಿಯಬಾರದು. ಬೋಲ್ಟುಗಳನ್ನು ಒಂದೊಂದೇ ಸುತ್ತು ಬಿಗಿದು ಆ ಸಂದಿಯನ್ನು ಎಳೆದು ಮುಚ್ಚಿದೆ.

ಸಾವಕಾರರು ಬಂದರು. ಚಾಲು ಮಾಡಿದೆ. ಒಳಗಿನಿಂದ ಕಬ್ಬಿಣ ಅಳುವಂಥ ಕೂಗು ಎದ್ದಿತು, ಗಾಡಿಯ ಕೆಳಗೆ ಕೆಂಪೆಣ್ಣೆ ಹರಿಯಿತು. ತಕ್ಷಣ ಬಂದ್ ಮಾಡಿದೆ. ಗಿರಿಜಾ ಅದೇ ಹೊತ್ತಿಗೆ ಶಾಲೆಯಿಂದ ಬಂದು, ಊಟದ ಡಬ್ಬಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತನ್ನ ಲೆಕ್ಕ ಓಡುವುದನ್ನು ನೋಡಲು ಬಂದಿದ್ದಳು.

"ಏನಾತು ಬಸಣ್ಣಾ?" ಎಂದರು ಸಾವಕಾರರು.

"ಗಿರಿಜಾ ಆರಿಸಿದ್ದು ಹೊಂದಲಿಲ್ರಿ, ಸಾವಕಾರ್ರ."

ಯೋಚಿಸಿ ಆಡಿದ್ದಲ್ಲ ಎನ್ನಬಹುದಿತ್ತು. ಆದರೆ ಆಡಿದ ಕೂಡಲೇ ನನ್ನ ಎದೆ ಹಗುರಾಯಿತು. ಒಳಗೆಲ್ಲೋ ಒಂದು ಹನಿ ಸಿಹಿಯೂ ಇತ್ತು. ಅದನ್ನು ಹೇಳದೆ ಬಿಟ್ಟರೆ ಈ ಹಾಳೆಯೂ ಸುಳ್ಳಾಗುತ್ತದೆ.

ಸಾವಕಾರರು ನಕ್ಕರು. "ಶಾಲಿ ಲೆಕ್ಕಾನ ಬ್ಯಾರೆ, ಗಾಡಿ ಲೆಕ್ಕಾನ ಬ್ಯಾರೆ ಬಿಡ್ರಿ ಅಕ್ಕಾರ."

ಗಿರಿಜಾ ಗೋಡೆಯ ಕಡೆ ನೋಡಿದಳು. "ಎಲ್ಲೋ ತಪ್ಪೀನಿ," ಎಂದಳು. ಅಷ್ಟೇ.

ಮರುದಿನ ಬಿಚ್ಚಿದಾಗ ಪಂಪಿನ ಒಳಗಿನ ಬಳೆಯಂಥ ಚಕ್ರ ಎರಡು ತುಂಡಾಗಿತ್ತು. ಯಾರು ನೋಡಿದರೂ ತಪ್ಪು ಯಾರದೆಂದು ಹೇಳುತ್ತಿದ್ದರು. ಅದಕ್ಕೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಂದರಲ್ಲಿ ಮುಚ್ಚಿಟ್ಟೆ. ಬೇರೆ ಪಂಪು ಹಾಕಿ, ಗಾಡಿಯ ಹಳೆಯ ಕನ್ವರ್ಟರನ್ನೇ ತಿರುಗಿ ಕೂಡಿಸಿದೆ. ಗಿರಿಜಾ ಆರಿಸಿದ ಕನ್ವರ್ಟರ್ ಬಟ್ಟೆ ಸುತ್ತಿಕೊಂಡು ಗೋಡೆಯ ಎತ್ತರದ ಮಾಡದ ಮೇಲೆ ಹೋಯಿತು. ಆ ದಿನದ ದಿನಚರಿ ಇಂದು ತೆಗೆದು ನೋಡಿದೆ. ಬದನೆಕಾಯಿ ಪಲ್ಯ, ರೊಟ್ಟಿ. ಮೊದಲು ಮಲಗಿದವರು: ನಾನು. ಎರಡೇ ಸದ್ದಿನ ಮಾತು ಅಲ್ಲಿಲ್ಲ. ನನ್ನ ಸ್ವಂತ ವಹಿಗೂ ನಾನು ಸುಳ್ಳು ಹೇಳಿದ್ದೆ.

ಗಿರಿಜಾ ಗ್ಯಾರೇಜಿಗೆ ಬರುವುದು ನಿಂತಿತು. ಸಂಜೆ ಹೊತ್ತು ವಹಿ ಹಿಡಿದು ಆ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸುತ್ತಿದ್ದಳು — ಇಲ್ಲದ ತಪ್ಪನ್ನು ಹುಡುಕುತ್ತ. ಎದುರಿಗೆ ನಾನು ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಮತ್ತೊಂದು ರೂಢಿ ಹತ್ತಿತು ಅವಳಿಗೆ. ಮಕ್ಕಳ ಉತ್ತರಪತ್ರಿಕೆಗಳ ಅಂಕ ಕೂಡಿಸಿದ ಮೇಲೆ ನನ್ನ ಕಡೆ ಚಾಚುವಳು: "ಅಣ್ಣಾ, ಒಮ್ಮಿ ಕೂಡಿಸಿ ನೋಡು." ಏಳು ವರ್ಷ ಕೂಡಿಸಿ ನೋಡಿದ್ದೇನೆ. ಒಂದೇ ಒಂದು ಸಲವೂ ತಪ್ಪಿರಲಿಲ್ಲ. "ಸರಿ ಐತಿ" ಎಂದು ತಿರುಗಿ ಕೊಡುತ್ತಿದ್ದೆ — ನಾನು, ಬೇರೆ ಯಾರೂ ಅಲ್ಲ.

ಕಳೆದ ವಾರ ಆ ಗಾಡಿ ಮತ್ತೆ ಬಂತು. ಹಳೆಯ ಕನ್ವರ್ಟರ್ ಕೆಟ್ಟಿತ್ತು. "ಏನರ ಹಾಕ್ರಿ, ಓಡಿದ್ರ ಸಾಕು," ಎಂದು ಸಾವಕಾರರು ಬಿಟ್ಟು ಹೋದರು. ಮಾಡದ ಮೇಲಿನದನ್ನು ಇಳಿಸಿ, ಬಟ್ಟೆ ಬಿಚ್ಚಿ, ತೊಳೆದು, ನಿನ್ನೆ ಸಂಜೆ ಪೆಟ್ಟಿಗೆಯ ಬಾಯಿಗೆ ಹಿಡಿದೆ. ತಿರುವಿದೆ. ಟಕ್. ಟಕ್. ಇನ್ನೊಂದು ಕೂದಲೆಳೆಯಷ್ಟು ತಿರುವಿದೆ —

ಟಕ್.

ಎಷ್ಟು ಮೆತ್ತಗಿನ ಸದ್ದು ಅದು. ಅಷ್ಟು ಭಾರದ ಉಕ್ಕು ತಾನಾಗಿ ಒಳಗೆ ಸರಿದು ತನ್ನ ಮನೆ ಸೇರಿತು. ಸಂದಿಯೇ ಉಳಿಯಲಿಲ್ಲ. ನಾನು ನೆಲದ ಮೇಲೆ ಕೂತುಬಿಟ್ಟೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೂ ತಿಳಿದಿತ್ತು. ಆದರೆ ಆ ಸದ್ದು ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

ಇಂದು ಗಿರಿಜಾಗೆ, "ಗಾಡಿ ನೋಡಾಕ ಹೊಂಟೀನಿ, ಮೀಟರ್ ಓದಾಕ ಒಬ್ರು ಬೇಕು, ಬಾ," ಎಂದೆ. ಡಂಬಳದ ದಾರಿಯಲ್ಲಿ ಯಾರೂ ಇಲ್ಲದ ಕಡೆ ನಿಲ್ಲಿಸಿದೆ. ದೂರದ ಗುಡ್ಡದ ಮೇಲೆ ಗಾಳಿಯ ಗಿರಣಿಗಳು ತಿರುಗುತ್ತಿದ್ದವು, ಕಾಣದ ಕೈಯೊಂದು ತಿರುಗಿಸಿದ ಹಾಗೆ. ಬ್ರೇಕ್ ಗಟ್ಟಿಯಾಗಿ ಹಿಡಿದು, ಮೂರು ಎಣಿಸುವಷ್ಟು ಹೊತ್ತು ಆಕ್ಸಿಲರೇಟರ್ ಒತ್ತಿದೆ. ಗಾಡಿ ಮೈಯೆಲ್ಲ ನಡುಗಿತು. ಮುಳ್ಳು ಏರಿತು, ಏರಿತು — ಯಾರೋ ಅಲ್ಲೊಂದು ಗೆರೆ ಎಳೆದಿದ್ದಾರೆಂಬಂತೆ ತಟ್ಟನೆ ನಿಂತಿತು.

"ಎರಡ ಸಾವಿರದ ಎಂಟನೂರು," ಎಂದು ಓದಿದಳು ಗಿರಿಜಾ. ಆಮೇಲೆ ಮೆಲ್ಲಗೆ, "ಯಾವ್ದು ಹಾಕೀದಿ ಅಣ್ಣಾ?"

"ನೀ ಆರಿಸಿದ್ದ."

ಗಾಡಿ ಬಂದ್ ಮಾಡಿದೆ. ಬಟ್ಟೆಯಲ್ಲಿ ಸುತ್ತಿದ ಒಡೆದ ಚಕ್ರವನ್ನು ಅವಳ ಅಂಗೈಯಲ್ಲಿಟ್ಟೆ. ಎಲ್ಲ ಹೇಳಿದೆ — ಎರಡು ಸದ್ದು, ಒಂದು ಬೆರಳು ಸಂದಿ, ಬೋಲ್ಟು, ಆ ಸಿಹಿ. ಅವಳು ತುಂಡುಗಳನ್ನು ಜೋಡಿಸಿ ಉಂಗುರ ಮಾಡಿ ನೋಡಿದಳು.

"ಎರಡ ವಹಿ ತುಂಬಿಸೀನಿ ಅಣ್ಣಾ," ಎಂದಳು. "ತಪ್ಪು ಸಿಗಲಿಲ್ಲಂತ ನಾನ ದಡ್ಡಿ ಅನಕೊಂಡೆ. ನೀ ಎದರಿಗೇ ಕುಂತಿದ್ದಿ."

 

ತುಂಡುಗಳನ್ನು ತಿರುಗಿ ಬಟ್ಟೆಯಲ್ಲಿ ಸುತ್ತಿ, "ಸಾವಕಾರ್ರ ಮುಂದ ಹೇಳಿದ್ದಿ. ಅವರ ಮುಂದನ ಹೇಳು. ನಾನೂ ಬರ್ತೀನಿ," ಎಂದಳು.

ಲಕ್ಷ್ಮೇಶ್ವರಕ್ಕೆ ಹೊರಟೆವು. ನಿಂತಲ್ಲಿಂದ ಗಾಡಿ ಎದ್ದ ಬಗೆಯನ್ನು ಹೇಗೆ ಬರೆಯಲಿ — ಮುಗ್ಗರಿಸಲಿಲ್ಲ, ಅರಚಲಿಲ್ಲ. ದೊಡ್ಡ ಕೈಯೊಂದು ಬೆನ್ನಿಗೆ ಹತ್ತಿ ಮೆಲ್ಲಗೆ ನೂಕಿದ ಹಾಗೆ ಹೊರಟಿತು. ಅವಳ ಲೆಕ್ಕ ಅಷ್ಟು ಸುಂದರವಾಗಿತ್ತು. ಏಳು ವರ್ಷ ಅದನ್ನು ಮಾಡದ ಮೇಲೆ ಧೂಳಿನಲ್ಲಿ ಇಟ್ಟಿದ್ದೆ.  ಯಳವತ್ತಿಯ ಹೊಲಗಳು ದಾಟುವವರೆಗೂ ಗಿರಿಜಾಳ ಕಣ್ಣು ಮೀಟರಿನ ಮುಳ್ಳಿನ ಮೇಲೇ ಇತ್ತು.

ಗಿರಣಿಯ ಅಂಗಳದಲ್ಲಿ, ಹಮಾಲರ ಎದುರಿಗೇ ಹೇಳಿದೆ. ಸಾವಕಾರರು ಮೊದಲು, "ಅಯ್ಯ, ಇಷ್ಟಕ್ಕ ಇಬ್ಬರೂ ಬಂದೀರೇನು? ಹಳೇ ಮಾತು ಬಿಡ್ರಿ," ಎಂದು ನಕ್ಕರು. ಗಿರಿಜಾ ನಗಲಿಲ್ಲ. ಅವರ ನಗುವೂ ಇಳಿಯಿತು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

"ಅಕ್ಕಾರ, ಶಾಲಿ ಲೆಕ್ಕಾನ ಬ್ಯಾರೆ ಅಂದಿದ್ದೆ. ಆ ಮಾತು ನಾ ಎಷ್ಟ ಮಂದಿ ಮುಂದ ಹೇಳಿ ನಗಿಸೀನೋ — ನೆನಪಿಲ್ರಿ. ಬೀಗರ ಮನ್ಯಾಗ, ಸಂತ್ಯಾಗ... ತಪ್ಪಾತ್ರಿ."

ಆ ಮಂದಿಯನ್ನೆಲ್ಲ ನಾನು ಎಲ್ಲಿ ಹುಡುಕಲಿ. ಸಿಕ್ಕವರಿಗೆ ಹೇಳುತ್ತೇನೆ, ನಾಳೆ ಗ್ಯಾರೇಜಿನ ಕೆಲಸದವರಿಂದ ಶುರು.

ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆವು. ನನ್ನ ಪಕ್ಕ ಜಾಗವಿತ್ತು. ಗಿರಿಜಾ ಮುಂದೆ ಹೋಗಿ ಕೂತಳು. ಹೆಣ್ಣುಮಕ್ಕಳ ಸೀಟುಗಳು ಮುಂದಿರುತ್ತವೆ, ನಿಜ.

ಉಂಡದ್ದು: ಬಿಸಿ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ, ಮಜ್ಜಿಗೆ. ಊಟವಾದ ಮೇಲೆ ಗಿರಿಜಾ ಮೂವತ್ತೆಂಟು ಉತ್ತರಪತ್ರಿಕೆಗಳ ಅಂಕ ಕೂಡಿಸಿದಳು. ನಾನು ಕನ್ನಡಕ ಹಾಕಿಕೊಂಡು ಎದುರಿಗೆ ಕೂತಿದ್ದೆ, ರೂಢಿಯಂತೆ. ಅವಳು ನನ್ನ ಕಡೆ ಚಾಚಲಿಲ್ಲ. ದಾರ ಕಟ್ಟಿ, ನೆಟ್ಟಗೆ ಚೀಲದಲ್ಲಿಟ್ಟಳು.

ಮೊದಲು ಮಲಗಿದವರು: ಗಿರಿಜಾ.