ತಿಪ್ಪೆ ಬುಡದ ಮಣ್ಣು

ಭೀಮನಬೀಡಿನ ಚಿಕ್ಕನಿಂಗಮ್ಮನಿಗೆ ಒಂದು ಚಟ. ಯಾರಿಗೆ ಏನು ಕೊಟ್ಟರೂ ಇದ್ದುದರಲ್ಲಿ ಒಳ್ಳೆಯದನ್ನೇ ಕೊಡಬೇಕು. ಅರಿಸಿನ ಬೆಳೆಯುವವರು ಬಂದು ಕೇಳಿದರೆ ತನ್ನ ತಿಪ್ಪೆಯ ಗೊಬ್ಬರಕ್ಕೂ ಇಲ್ಲ ಎಂದವಳಲ್ಲ. ಆ ಚಟವೇ ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಅವಳ ಎರಡೆಕರೆ ಹೊಲಕ್ಕೆ ಮುಳುವಾಗುವುದರಲ್ಲಿತ್ತು.

ಅದೇನು ಸುಮ್ಮನೆ ಬಂದ ಹೊಲವಲ್ಲ. ಭೂಸುಧಾರಣೆ ಕಾನೂನು ಬಂದಾಗ, ಗೇಣಿಗೆ ಉಳುತ್ತಿದ್ದ ಆ ಕೆಂಪು ನೆಲವನ್ನು ಹೆಸರಿಗೆ ಮಾಡಿಸಿಕೊಳ್ಳಲು ಗಂಡ ಮಂಟೇಸ್ವಾಮಿ ಗುಂಡ್ಲುಪೇಟೆಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದ. ಪಹಣಿ ಕೈಗೆ ಬಂದ ನಾಲ್ಕೇ ವರ್ಷಕ್ಕೆ ತೀರಿಕೊಂಡ. ಈಗ ಮೂರು ವರ್ಷದಿಂದ ಅಲ್ಲಿ ಬೆಳೆ ಮೇಲೇಳುತ್ತಿರಲಿಲ್ಲ.

ಕೃಷಿ ಇಲಾಖೆಯ ಗುರುಮಲ್ಲಯ್ಯನವರು ಮಣ್ಣು ಪರೀಕ್ಷೆಗೆಂದು ಊರಿಗೆಲ್ಲ ಚೀಲ ಹಂಚಿದ್ದರು. ಚಿಕ್ಕನಿಂಗಮ್ಮ ತುಂಬಿ ಕಳಿಸಿದ ಮಣ್ಣಿಗೆ ಪರೀಕ್ಷೆಯ ಚೀಟಿ ಬಂತು: ಉಪ್ಪು ವಿಪರೀತ, ಬೆಳೆಗೆ ತಕ್ಕ ಮಣ್ಣಲ್ಲ. ಮಗ ಮಹಾಲಿಂಗ ಅದನ್ನು ಓದಿ ಹೇಳಿದ. ಕೂಲಿ ಮಾಡಿಯೇ ಬದುಕೋಣ, ಮೇಲ್ಮಣ್ಣನ್ನು ಇಟ್ಟಿಗೆ ಗೂಡಿನವರಿಗೆ ಕೊಟ್ಟುಬಿಡೋಣ ಎಂದ ಅವನು. ಅವಳು ಎರಡು ದಿನ ಅತ್ತು, ಮೂರನೆಯ ದಿನ ಹೂಂ ಅಂದಳು. ಸೋಮವಾರ ಟ್ರ್ಯಾಕ್ಟರ್ ಬರುವುದೆಂದು ಮಾತಾಯಿತು. ಒಮ್ಮೆ ಅಗೆದು ಸಾಗಿಸಿದ ಮೇಲೆ ಮಂಟೇಸ್ವಾಮಿಯ ಹೊಲ ಮತ್ತೆ ಹೊಲವಾಗುವುದುಂಟೇ?

ಸುದ್ದಿ ಕೇಳಿ ಭಾನುವಾರವೇ ಗುರುಮಲ್ಲಯ್ಯನವರು ಸೈಕಲ್ ಹತ್ತಿ ಬಂದರು. ಅಕ್ಕಪಕ್ಕದ ಹೊಲಗಳಲ್ಲಿ ಇಲ್ಲದ ಉಪ್ಪು ಇದೊಂದಕ್ಕೇ ಎಲ್ಲಿಂದ ಬಂತು ಎಂಬುದು ಅವರ ಅನುಮಾನ.

"ತಾಯಿ, ಆ ಮಣ್ಣ ಎಲ್ಲಿಂದ ತಗ್ದೆ?"

"ಒಲದ ಮೂಲೇಲಿ ತಿಪ್ಪ ಅದಲ್ಲ, ಅದ್ರ ಬುಡದಿಂದ ಕಣ ಸ್ವಾಮಿ. ಸರ್ಕಾರ್ದೋರು ನೋಡ್ತರ ಅಂದ್ಮೇಲ ಒಳ್ಳೇದ್ನೇ ಕಳಿಸ್ಬ್ಯಾಡ್ವಾ?"

ಗುರುಮಲ್ಲಯ್ಯನವರು ಹಣೆ ಚಚ್ಚಿಕೊಂಡು ನಕ್ಕರು. ಸಗಣಿ, ಗಂಜಲ, ಬೂದಿ ಇಂಗಿದ ಜಾಗದಲ್ಲಿ ಉಪ್ಪಲ್ಲದೆ ಬೆಲ್ಲ ಸಿಕ್ಕೀತೇ? ಅಲ್ಲೇ ನಿಂತು ಹೊಲದ ಒಂಬತ್ತು ಕಡೆ ಅಗೆಸಿ ಹೊಸ ಚೀಲ ತುಂಬಿಸಿದರು. ಸೋಮವಾರ ಬಂದ ಟ್ರ್ಯಾಕ್ಟರಿನವನಿಗೆ, ಚೀಟಿ ಬರುವ ತನಕ ತಡಿ ಎಂದು ಮಹಾಲಿಂಗ ಹೇಳಿ ಕಳಿಸಿದ.

ಮೂರು ವಾರ ಅವಳಿಗೆ ಊಟ ರುಚಿಸಲಿಲ್ಲ. ಕೊನೆಗೆ ಚೀಟಿ ಬಂತು. ಉಪ್ಪಿಲ್ಲ, ಸಾರ ಕಡಿಮೆ, ಕೊಟ್ಟಿಗೆ ಗೊಬ್ಬರ ಹಾಕಿದರೆ ಕಡಲೆಕಾಯಿ ಚೆನ್ನಾಗಿ ಬರುತ್ತದೆ. ಚಿಕ್ಕನಿಂಗಮ್ಮ ಬದುವಿನ ಮೇಲೆ ಕೂತು ಒಂದು ಹಿಡಿ ಮಣ್ಣು ಕೈಗೆತ್ತಿಕೊಂಡಳು. ಹೋದ ಜೀವ ಬಂದಂತಾಗಿತ್ತು.

"ಒಲ ಅಸ್ಕಂಡದ, ಅಷ್ಟೇ ಕಣ್ಲಾ," ಅಂದಳು ಮಗನಿಗೆ. "ನಾವು ಉಂಡೊ, ಅದ್ಕ ಇಕ್ನಿಲ್ಲ."

ಮಾರನೆಯ ವಾರ ಅರಿಸಿನದ ಹೊಲದವರು ಎಂದಿನಂತೆ ಗೊಬ್ಬರಕ್ಕೆ ಗಾಡಿ ಕಟ್ಟಿಕೊಂಡು ಬಂದರು. ಚಿಕ್ಕನಿಂಗಮ್ಮ ಅವರನ್ನು ಕೂರಿಸಿ, ನೀರು ಬೆಲ್ಲ ಕೊಟ್ಟು, ಹುಟ್ಟಿದ ಮೇಲೆ ಮೊದಲ ಸಲ ಇಲ್ಲ ಅಂದಳು.